ನಲವತ್ತು ಮಂದಿ ಭೀಮಶಾ

ನನ್ನ ಹೆಂಡತಿ ಪಂಚಶೀಲಾಳಿಗೆ ಕಮಲಾಪುರದ ಶಾಲೆಗೆ ವರ್ಗವಾಯಿತೆಂದು ತಿಳಿದ ದಿನ ನಾನು ಮುಖವನ್ನು ಆದಷ್ಟು ಸಣ್ಣದು ಮಾಡಿಕೊಂಡು, ಒಳಗೊಳಗೇ ಒಂದು ಸುತ್ತು ಕುಣಿದುಬಿಟ್ಟೆ. ತಪ್ಪು ತಿಳಿಯಬೇಡಿ. ಹೆಂಡತಿಯ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ದ್ವೇಷವಿದ್ದದ್ದು ಅವಳ ಕುಕ್ಕರಿನ ಮೇಲೆ.

ನಾನು ಭೀಮಶಾ. ಕಚೇರಿಯಿಂದ ನಿವೃತ್ತನಾದ ಮೇಲೆ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಒಳಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಮೈಕು, ಎರಡು ಸ್ಪೀಕರ್ ಇಟ್ಟುಕೊಂಡು ‘ಭೀಮನಾದ ಸ್ಟುಡಿಯೋ’ ಎಂಬ ಜಗದ್ವಿಖ್ಯಾತ ಸಂಸ್ಥೆಯನ್ನು ನಡೆಸುತ್ತಿದ್ದೇನೆ. (ನಮ್ಮ ಓಣಿಯೂ ಜಗತ್ತಿನಲ್ಲೇ ಇದೆಯಲ್ಲವೇ?) ಮದುವೆ ಹಾಡು, ಜಯಂತಿ ಹಾಡು, ತೊಟ್ಟಿಲ ಹಾಡು, ಹೊಸ ಅಂಗಡಿ ತೆರೆಯುವವರ ಹಾಡು, ಎಲ್ಲವನ್ನೂ ನಾನೇ ಬರೆದು ನಾನೇ ಹಾಡಿ ಕೊಡುತ್ತೇನೆ. ಢೋಲಕಿ, ಶಹನಾಯಿ, ಹಾರ್ಮೋನಿಯಂ ಎಲ್ಲ ಕಂಪ್ಯೂಟರಿನ ಹೊಟ್ಟೆಯಲ್ಲೇ ಇವೆ.

ಹೊರಗಿನ ಸದ್ದು ಒಳಗೆ ಬಾರದಿರಲೆಂದು ದೊಡ್ಡ ಸ್ಟುಡಿಯೋದವರು ಗೋಡೆಗೆ ಏನೇನೋ ಅಂಟಿಸುತ್ತಾರೆ. ನಾನು ಮನೆಯ ಕೌದಿಗಳನ್ನೆಲ್ಲ ಮೊಳೆ ಹೊಡೆದು ತೂಗುಹಾಕಿದೆ. ಪಂಚಶೀಲಾ ತನ್ನ ಹಳೆಯ ಸೀರೆಗಳನ್ನು ಕತ್ತರಿಸಿ, ಬೇಸಿಗೆ ರಜೆಗಳಲ್ಲಿ ಕೈಯಾರೆ ಹೊಲಿದ ಕೌದಿಗಳು.

“ಮಂದಿ ತಾವು ಹೊಚ್ಕೊಳ್ಳಾಕ ಕೌದಿ ಇಟ್ಕೋತಾರ. ನೀವು ಗ್ವಾಡಿಗಿ ಹೊಚ್ಚೀರಿ. ಗ್ವಾಡಿಗೇನ್ ಥಂಡಿ ಆಗ್ಯಾದೇನ್ರಿ?” ಎಂದಳು.

“ಇದಕ್ಕ ಅಕೌಸ್ಟಿಕ್ಸ್ ಅಂತಾರ” ಎಂದೆ ಗಂಭೀರವಾಗಿ.

“ಏನರ ಅನ್ಲಿ. ಅದ್ಕ ಲಗೂ ಗುಳಿಗಿ ತಗೋರಿ.”

ಕೌದಿಗಳು ಓಣಿಯ ಆಟೋಗಳನ್ನು ತಡೆದವು, ನಾಯಿಗಳನ್ನು ತಡೆದವು. ಕುಕ್ಕರನ್ನು ತಡೆಯಲಿಲ್ಲ. ನಾನು ಕಣ್ಣು ಮುಚ್ಚಿ ಸ್ವರವನ್ನು ಮೇಲೇರಿಸಿದ ಕ್ಷಣಕ್ಕೇ ಅದು ನನಗಿಂತ ಮೇಲಿನ ಸ್ವರದಲ್ಲಿ ಸೀಟಿ ಹಾಕುತ್ತಿತ್ತು. ಅದಾದ ಮೇಲೆ ರೊಟ್ಟಿ ಬಡಿಯುವ ಸದ್ದು. ಅದರ ಮೇಲೆ ಅವಳ ಕೂಗು. ಒಮ್ಮೆ ನಮ್ಮ ವಾರ್ಡಿನ ಕಸದ ಗಾಡಿಗೆಂದು ಸ್ವಚ್ಛತೆಯ ಹಾಡು ಮಾಡಿಕೊಟ್ಟೆ. ಗುತ್ತಿಗೆದಾರ ಒಮ್ಮೆಯೂ ಕೇಳಿ ನೋಡದೆಯೇ ಗಾಡಿಗೆ ಹಾಕಿಬಿಟ್ಟ. ಅಂದಿನಿಂದ ಇಂದಿನವರೆಗೆ ಆ ಗಾಡಿ ಓಣಿ ಓಣಿ ತಿರುಗುವಾಗ ಎರಡನೆಯ ಚರಣದ ಕೊನೆಗೆ “ರೀ, ಹಾಲು ಉಕ್ಕಾಕತ್ತಾವ, ನೋಡ್ರಿ!” ಎಂದು ಪಂಚಶೀಲಾ ಕೂಗುತ್ತಾಳೆ. ಹೆಂಗಸರು ಕಸದ ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಓಡುತ್ತಾರೆ.

ಇಂಥ ಪರಿಸ್ಥಿತಿಯಲ್ಲಿ ವರ್ಗಾವಣೆ ಬಂತು. ಕಮಲಾಪುರವೇನು ಸಮುದ್ರದಾಚೆ ಇಲ್ಲ. ಬಸ್ಸಿನಲ್ಲಿ ಕೂತರೆ ಒಂದು ಸಣ್ಣ ನಿದ್ದೆ ಮುಗಿಯುವಷ್ಟರಲ್ಲಿ ಬರುವ ಊರು. ದಿನಾ ಹೋಗಿಬರುವ ಟೀಚರುಗಳು ಬೇಕಾದಷ್ಟಿದ್ದಾರೆ. ಅದು ಅವಳ ತವರೂರು ಕೂಡ. ತಾಯಿ ಗುಂಡಮ್ಮ, ತಮ್ಮ ಸಾಯಬಣ್ಣ ಅಲ್ಲೇ ಇದ್ದಾರೆ.

“ದಿನಾ ಅಪ್‌ಡೌನ್ ಮಾಡ್ಲೇನ್ರಿ, ಇಲ್ಲಾ ತಮ್ಮನ ಮನ್ಯಾಗೇ ಇರ್ಲಿ?” ಎಂದು ಕೇಳಿದಳು.

ಬುದ್ಧಿ ನೆಟ್ಟಗಿದ್ದ ಗಂಡ ಇಂಥಲ್ಲಿ ಏನು ಹೇಳಬೇಕೆಂದು ನಿಮಗೆಲ್ಲ ಗೊತ್ತು. ನಾನು ಹೇಳಿದ್ದು ಇದು: “ಅಲ್ಲೇ ಇರು. ಒಂದೆರಡು ಹಾಡರ ಸೀಟಿ ಇಲ್ದಂಗ ರೆಕಾರ್ಡ್ ಆಗ್ತಾವ.”

ಅವಳು ಬ್ಯಾಗು ತುಂಬಿದಳು. ಹೊಸ್ತಿಲು ದಾಟುವಾಗ ಮಾತ್ರ ಹೊರಳಿ ನಿಂತಳು. “ಆಯ್ತು. ಬಾ ಅಂತ ನಿಮ್ಮ ಬಾಯಿಲೆ ಬರೂತನಕ ನಾ ಬರಂಗಿಲ್ಲ. ನೀವುಂಟು, ನಿಮ್ಮ ಗ್ವಾಡಿ ಉಂಟು.”

ಬಾ. ಒಂದೇ ಅಕ್ಷರ. ಅವಳ ಒಂದನೇ ತರಗತಿಯ ಮಕ್ಕಳು ಮೊದಲ ತಿಂಗಳಲ್ಲೇ ಓದುವಂಥದ್ದು. ಆದರೆ ಗಂಡಸಿನ ಮರ್ಯಾದೆ ಎಂಬುದೊಂದು ಇದೆಯಲ್ಲ, ಅದು ನನ್ನ ಗಂಟಲಲ್ಲಿ ಬಂದು ಕಾಲು ಚಾಚಿ ಕೂತಿತು.

ಮೊದಮೊದಲು ಸ್ವರ್ಗ. ಸೀಟಿಯಿಲ್ಲದ ಹಾಡು, ಕೂಗಿಲ್ಲದ ಹಾಡು. ಮಾಡಿದ ಹಾಡನ್ನು ಕೇಳಿ “ಛಲೋ ಆಗ್ಯಾದ” ಎನ್ನುವವರೂ ಇಲ್ಲ, “ಕತ್ತೆ ಒದರಿದಂಗ ಆಗ್ಯಾದ” ಎನ್ನುವವರೂ ಇಲ್ಲ. ಆಮೇಲಾಮೇಲೆ ಕೌದಿ ಹೊದ್ದ ಕೋಣೆಯಲ್ಲಿ ಮಾತಾಡಿದರೆ ನನ್ನ ದನಿ ನನಗೇ ತಿರುಗಿ ಬರದೆ ಬಟ್ಟೆಯಲ್ಲಿ ಇಂಗಿಹೋಗುವುದು ಗೊತ್ತಾಯಿತು. ನಾನು ಅಡಿಗೆಮನೆಯಲ್ಲಿ ನಿಂತುಕೊಂಡೇ ಉಣ್ಣತೊಡಗಿದೆ. ಒಬ್ಬನಿಗಾಗಿ ತಾಟು ಹಾಕಿ ಕೂರುವುದು ಯಾಕೋ ನಾಟಕದಂತೆ ಕಾಣುತ್ತಿತ್ತು. ಚಹಾ ಮಾತ್ರ ಕೈ ತಪ್ಪಿ ಎರಡು ಕಪ್ಪು ಆಗಿಬಿಡುತ್ತಿತ್ತು. ಎರಡನೆಯದನ್ನು ಆರಿದ ಮೇಲೆ ನಾನೇ ಕುಡಿಯುತ್ತಿದ್ದೆ.

ಅವಳು ಸಂಜೆ ಫೋನು ಮಾಡುತ್ತಿದ್ದಳು.

“ಊಟಕ್ಕೇನ್ ಮಾಡ್ಕೊಂಡ್ರಿ?”

“ಎಲ್ಲಾ ಮಾಡೀನಿ.” (ಶೇಂಗಾ ಚಟ್ನಿಪುಡಿ ಮತ್ತು ಬ್ರೆಡ್ಡು.)

“ಐತ್ವಾರ ಸಾಲಿ ಸೂಟಿ, ಬರ್ಲೇನ್ರಿ?”

“ನಿನ್ನ ಅನುಕೂಲ ನೋಡ್ಕೋ. ಇಲ್ಲಿ ಬಾಳ ಶಾಂತ ಅದ.”

ಅವಳು ಫೋನು ಇಡುತ್ತಿದ್ದಳು. ನಾನು ಬಂದಾದ ಫೋನನ್ನು ಕಿವಿಗೆ ಹಿಡಿದುಕೊಂಡೇ ಕಿಟಕಿಯ ಬಳಿ ನಿಂತಿರುತ್ತಿದ್ದೆ.

ನಾಚಿಕೆ ಬಿಟ್ಟು ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಬೆಳಿಗ್ಗೆ ಕಸದ ಗಾಡಿ ಬರುವ ಮೊದಲೇ ನಾನು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲತೊಡಗಿದೆ. ಎರಡನೆಯ ಚರಣ ಮುಗಿದು ಹಾಲು ಉಕ್ಕುವವರೆಗೆ ಗಾಡಿಯನ್ನು ಬಿಡುತ್ತಿರಲಿಲ್ಲ.

“ಸರ, ನಿಮ್ಮ ಬುಟ್ಟಿ ಖಾಲಿ ಅದಲ್ರಿ” ಎಂದ ಡ್ರೈವರ್ ಒಂದು ದಿನ.

“ಇರ್ಲಿ ಬಿಡಪಾ, ಬರೋ ಟೈಮ್ ಆಗ್ಯಾದ” ಎಂದೆ. ಯಾರು ಬರುವ ಟೈಮು ಎಂದು ಅವನು ಕೇಳಲಿಲ್ಲ.

ಈ ಸುಖಸಂಸಾರದ ನಡುವೆ ಇಮಾಮುದ್ದೀನ್ ಪ್ರವೇಶಿಸಿದ. ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಅವನದು ಕಂಪ್ಯೂಟರ್ ಅಂಗಡಿ. ನನ್ನ ಹಾಡಿನ ಸಾಫ್ಟ್‌ವೇರ್‌ನ ಯೋಗಕ್ಷೇಮ ಅವನದೇ.

“ಭೀಮಶಾ ಭಾಯ್, ಹೊಸಾ ವರ್ಷನ್ ಬಂದದ. ಕ್ಯಾ ಕಮಾಲ್! ಇನ್ನ ನೀವು ಹಾಡೋದೇ ಬ್ಯಾಡ, ಸುಮ್ನ ಕೆಮ್ಮಿದ್ರ ಸಾಕು, ಗಾನಾ ಬನ್ ಜಾತಾ ಹೈ” ಎಂದು ಮನೆಗೇ ಬಂದು ಹಾಕಿಕೊಟ್ಟ.

ಹೊಸ ಸೌಲಭ್ಯಗಳಿಗೆಲ್ಲ ಇಂಗ್ಲಿಷಿನಲ್ಲಿ ಏನೇನೋ ಹೆಸರಿದ್ದವು. ಕಲೆಗೆ ಒಪ್ಪುವಂತೆ ನಾನೇ ನಾಮಕರಣ ಮಾಡಿದೆ. ಮೊದಲನೆಯದು ‘ಸದಾಶ್ರವಣ’: ಬಟನ್ ಒತ್ತಲು ಮರೆತರೂ ಮೈಕು ತಾನೇ ಕೇಳಿಸಿಕೊಂಡು ಎಲ್ಲವನ್ನೂ ಹಿಡಿದಿಡುತ್ತದೆ. ಆಮೇಲೆ ‘ಸ್ವರಸಂಸ್ಕಾರ’: ಹೇಗೇ ಒದರಿದರೂ ಸರಿಯಾದ ರಾಗಕ್ಕೆ ಎಳೆದು ಕೂರಿಸುತ್ತದೆ. ‘ವೃಂದಸೃಷ್ಟಿ’ ಎಂಬುದು ಒಬ್ಬನ ಕಂಠವನ್ನು ನಲವತ್ತು ಜನ ಹಾಡಿದಂತೆ ಮಾಡುತ್ತದೆ. ಎಲ್ಲಕ್ಕಿಂತ ದೊಡ್ಡ ಪವಾಡ ‘ಶಬ್ದಶುದ್ಧಿ’: ಹಾಡನ್ನು ಬಿಟ್ಟು ಉಳಿದ ಸದ್ದುಗಳನ್ನೆಲ್ಲ, ಸೀಟಿ, ಮಾತು, ಬಡಿತ ಏನೇ ಇರಲಿ, ಕಸವೆಂದು ಆರಿಸಿ ತೆಗೆಯುತ್ತದೆ.

“ಇಲ್ಲಿ ಒಂದ್ ಕಿವಿ ಚಿತ್ರ ಅದ, ದೇಖೋ” ಎಂದ ಇಮಾಮುದ್ದೀನ್. “ಇದನ್ನ ಒತ್ತಿದ್ರ ಉಲ್ಟಾ. ನೀವು ಹಾಡಿದ್ದು ಹೋಗ್ತದ, ಬಾಜಾ ಮತ್ತ ತೆಗೆದಿದ್ದ ಕಚರಾ ಅಷ್ಟೇ ಕೇಳಿಸ್ತದ. ಚೆಕ್ ಮಾಡಾಕ. ಆಮ್ಯಾಲೆ ಯಾದ್ ಸೆ, ಮರೀದಂಗ ಬಂದ್ ಮಾಡ್ರಿ.” (ಈ ಕಿವಿಯನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.)

ಅವನು ಹೋದ ಮೇಲೆ ನಾಲ್ಕು ಸಾಲು ಹಾಡಿ ಶಬ್ದಶುದ್ಧಿಗೆ ಒಪ್ಪಿಸಿದೆ. ಅದು ಕೆಲಹೊತ್ತು ಗಿರಗಿರ ತಿರುಗಿ, ತೆಗೆಯುವಂಥದ್ದು ಏನೂ ಸಿಗಲಿಲ್ಲ ಎಂದು ಪರದೆಯ ಮೇಲೆ ಬರೆದು ತೋರಿಸಿತು. ನನಗೆ ಅವಮಾನವಾಯಿತು. ಇಷ್ಟು ದೊಡ್ಡ ಸೌಲಭ್ಯಕ್ಕೆ ನಮ್ಮ ಮನೆಯಲ್ಲಿ ಒಂದು ಹಿಡಿ ಸದ್ದೂ ಇಲ್ಲವೇ? ಎದ್ದುಹೋಗಿ ಕುಕ್ಕರಿಗೆ ಬರೀ ನೀರು ಹಾಕಿ ಗ್ಯಾಸಿನ ಮೇಲಿಟ್ಟು ಬಂದು ಹಾಡತೊಡಗಿದೆ. ಅದು ಸೀಟಿ ಹಾಕಿದ್ದೇ ತಡ, “ಪಂಚಶೀಲಾ, ಗ್ಯಾಸ್ ಬಂದ್ ಮಾಡ!” ಎಂದು ಕೂಗಿದೆ. ಕೂಗಿಯಾದ ಮೇಲೆ ನೆನಪಾಯಿತು. ಹೋಗಿ ನಾನೇ ಬಂದ್ ಮಾಡಿ, ನೀರು ಚೆಲ್ಲಿದೆ.

ಅಷ್ಟರಲ್ಲಿ ಸಾಯಬಣ್ಣನ ಫೋನು ಬಂತು. ಅವನ ಮಗ ಪ್ರಬುದ್ಧನ ಮದುವೆ ಕಮಲಾಪುರದಲ್ಲಿ.

“ಮಾಮಾ, ಮದಿಮಗ ಮದಿಮಗಳು ಸ್ಟೇಜಿಗಿ ಬರೋ ಮುಂದ ನಿಮ್ಮ ಹಾಡೇ ಹಾಕ್ಬೇಕು. ನಮ್ಮ ಅಪ್ಪಂದು, ಅವ್ವಂದು, ಬೀಗರದು, ಎಲ್ಲಾರ ಹೆಸರು ಬರ್ಬೇಕು. ದೊಡ್ಡ ಮೇಳ ಹಾಡಿದಂಗ ಇರ್ಬೇಕು ನೋಡ್ರಿ.”

“ನಲವತ್ತು ಮಂದಿ ಹಾಡ್ತಾರ, ಬಿಡು” ಎಂದೆ.

“ಅಕ್ಕಗ ಏನರ ಹೇಳೋದದೇನ್ರಿ?”

ಗಂಟಲಲ್ಲಿ ಕಾಲು ಚಾಚಿ ಕೂತಿದ್ದ ಮರ್ಯಾದೆ ಅಲ್ಲಾಡಲಿಲ್ಲ. “ಇಲ್ಲಿ ಶಾಂತ ಅದ ಅಂತ ಹೇಳು” ಎಂದೆ.

ಹಾಡು ಬರೆದೆ. ಬೀಗರ ಹೆಸರುಗಳನ್ನೆಲ್ಲ ಪ್ರಾಸಕ್ಕೆ ತಂದು ಕೂರಿಸಿದೆ. ಆಲಾಪಕ್ಕೆ ಮಾತ್ರ ಹೋದ ವರ್ಷ ಹಾಡಿಟ್ಟಿದ್ದ ಒಂದು ಹಳೆಯ ತುಣುಕನ್ನು ಹಚ್ಚಿದೆ. ಆಗ ನನ್ನ ದನಿಯಲ್ಲಿ ಇನ್ನೂ ಕಸುವಿತ್ತು. ಚರಣಗಳನ್ನು ಹೊಸದಾಗಿ ಹಾಡಿದೆ. ಹಾಡುವ ನಡುನಡುವೆ, ಒಂಟಿಯಾಗಿ ಇರುವವರಿಗೆಲ್ಲ ಹತ್ತುವ ಚಟದಂತೆ, ಏನೇನೋ ಗೊಣಗಿಕೊಂಡೆ. ಮದುವೆಯಲ್ಲಿ ಅವಳು ಎದುರಿಗೆ ಸಿಗುತ್ತಾಳೆ, ಆಗ ಆ ಒಂದು ಅಕ್ಷರವನ್ನು ಹೇಗೆ ಹೇಳುವುದು ಎಂದು ಸ್ವಲ್ಪ ತಾಲೀಮು ಕೂಡ ಮಾಡಿಕೊಂಡೆ. ಮೈಕಿನ ಬಟನ್ ಒತ್ತಿರಲಿಲ್ಲ ಎಂಬ ಧೈರ್ಯ. ಸದಾಶ್ರವಣವನ್ನು ಮರೆತೇಬಿಟ್ಟಿದ್ದೆ.

ಕೊನೆಗೆ ಶುದ್ಧಿ, ಸಂಸ್ಕಾರ, ವೃಂದ ಎಲ್ಲವನ್ನೂ ಹಚ್ಚಿ, ಕಸ ಹೋಗಿದೆಯೋ ಇಲ್ಲವೋ ನೋಡೋಣವೆಂದು ಕಿವಿಯ ಚಿತ್ರ ಒತ್ತಿದೆ.

ಹಳೆಯ ಆಲಾಪದ ಜಾಗದಲ್ಲಿ ನನ್ನ ದನಿ ಮಾಯವಾಗಿತ್ತು. ರೊಟ್ಟಿ ಬಡಿಯುವ ಸದ್ದು ಬಂತು. ತಾಳ ಎಲ್ಲೂ ತಪ್ಪದೆ, ನಿಧಾನವಾಗಿ, ಒಂದು ರೊಟ್ಟಿಯಾದ ಮೇಲೆ ಇನ್ನೊಂದು. ಆಮೇಲೆ ಒಂದು ಸೀಟಿ. ಆಮೇಲೆ ಅವಳು: “ರೀ, ರೊಟ್ಟಿ ಆರಾಕತ್ತಾವ, ಬರ್ರಿ!”

ಮತ್ತೆ ಹಿಂದೆ ಸರಿಸಿ ಕೇಳಿದೆ. ಮತ್ತೆ ಕೇಳಿದೆ. ದಿನಾ ಕರೆದಿದ್ದಾಳೆ ಇವಳು, ಬರ್ರಿ ಎಂದು. ಇಷ್ಟು ವರ್ಷ ದಿನಾ. ನಾನು ಅದನ್ನು ಕಸವೆಂದು ತಿಳಿಯುತ್ತಾ ಬಂದಿದ್ದೆ. ಮುಂದಿನ ಚರಣಗಳಿಗೆ ಹೋಗಲೇ ಇಲ್ಲ. ಅದೇ ತುಣುಕನ್ನು ತಿರುಗಿ ತಿರುಗಿ ಕೇಳುತ್ತಾ ಕೂತೆ.

ಫೋನು ಬಡಿದುಕೊಂಡಿತು. “ಮಾಮಾ, ಡಿಜೆದವ ಹಾಡು ಕೇಳಾಕತ್ಯಾನ, ಈಗಿಂದೀಗ ಕಳಸ್ರಿ!” ಎಂದ ಸಾಯಬಣ್ಣ. ಹೊಸ ವರ್ಷನ್ನಿನಲ್ಲಿ ಅದಕ್ಕೂ ಒಂದು ಸೌಲಭ್ಯವಿತ್ತು: ಒಂದು ಬಟನ್ ಒತ್ತಿದರೆ ಹಾಡು ತಯಾರಾಗಿ ನೇರ ಫೋನಿಗೆ ಹೋಗುತ್ತದೆ. ಕಣ್ಣು ಒರೆಸಿಕೊಂಡು ಒತ್ತಿದೆ.

ಮದುವೆಯ ಬೆಳಿಗ್ಗೆ ಬಿಳಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಮಂಟಪದ ಬಾಗಿಲಿಗೆ ಊರಿನ ಕೆಂಪು ಬಾಳೆಯ ಗೊನೆಗಳನ್ನು ಕಟ್ಟಿದ್ದರು. ಪಂಚಶೀಲಾ ನೀಲಿ ಸೀರೆಯುಟ್ಟು ಬಂದವರಿಗೆಲ್ಲ ಹೂವು ಕೊಡುತ್ತಿದ್ದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಸೊರಗೀರಲ್ಲ.”

ಇದೇ ಸಮಯ. ತಾಲೀಮು ಮಾಡಿದ ಅಕ್ಷರ ನಾಲಿಗೆಯ ತುದಿಗೆ ಬಂದು ನಿಂತಿತು. “ಶಾಂತಿ ಇದ್ರ ಮೈ ಹಗುರ ಆಗ್ತದ” ಎಂದೆ. ಅವಳು ಹೂವಿನ ಬುಟ್ಟಿ ಎತ್ತಿಕೊಂಡು ಆಚೆ ಹೋದಳು. ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕೆನಿಸಿತು.

ಆ ಹೊತ್ತಿಗೆ ಪ್ರಬುದ್ಧ ಮತ್ತು ಮದುಮಗಳು ಸುಜಾತಾ ಬಾಗಿಲಲ್ಲಿ ಬಂದು ನಿಂತರು. “ನಮ್ಮ ಭೀಮಶಾ ಮಾಮಾನ ಹಾಡು! ನಲವತ್ತು ಕಲಾವಿದರು!” ಎಂದು ಸಾಯಬಣ್ಣ ಮೈಕಿನಲ್ಲಿ ಸಾರಿದ. ಆಳೆತ್ತರದ ಸ್ಪೀಕರ್ ಡಬ್ಬಿಗಳಿಂದ ಶಹನಾಯಿ ಹೊಮ್ಮಿತು. ಢೋಲಕಿ ಬಂತು. ನಾನು ಎದೆ ಉಬ್ಬಿಸಿ ಕಣ್ಣು ಮುಚ್ಚಿದೆ.

ಆಲಾಪ ಬರಬೇಕಾದ ಜಾಗದಲ್ಲಿ ಕುಕ್ಕರ್ ಬಂತು. ಒಂದಲ್ಲ, ನಲವತ್ತು ಕುಕ್ಕರ್, ಒಂದೇ ಶ್ರುತಿಯಲ್ಲಿ. ಹಿಂದೆಯೇ ನಲವತ್ತು ಪಂಚಶೀಲಾ ಭೈರವಿ ರಾಗದಲ್ಲಿ “ರೀ... ರೊಟ್ಟಿ ಆರಾಕತ್ತಾವ, ಬರ್ರಿ...” ಎಂದು ಹಾಡಿದರು. ಊಟಕ್ಕೆ ಕರೆಯುತ್ತಿದ್ದಾರೆಂದು ನಾಲ್ಕೈದು ಜನ ಎದ್ದು ಪಂಕ್ತಿಯ ಕಡೆ ಹೊರಟೇಬಿಟ್ಟರು.

ನಾನು ಕಣ್ಣು ತೆರೆದೆ. ಕಿವಿ! ಕಿವಿಯ ಬಟನ್ ಬಂದ್ ಮಾಡಿರಲಿಲ್ಲ! ಹಾಗಾದರೆ ಮುಂದಿನ ಚರಣದಲ್ಲಿ ಬರುವುದು ಬೀಗರ ಹೆಸರಲ್ಲ. ಮುಂದೆ ಬರುವುದು... ನಾನು ಡಿಜೆಯ ಕಡೆ ಓಡಿದೆ. ನಡುವೆ ಇಡೀ ಬೀಗರ ಸೈನ್ಯ ಅಡ್ಡ ನಿಂತಿತ್ತು. ಅಷ್ಟರಲ್ಲಿ ನಲವತ್ತು ಮಂದಿ ಭೀಮಶಾ ಒಕ್ಕೊರಲಿನಿಂದ ಶುರು ಮಾಡಿದರು:

“ಪಂಚಶೀಲಾ... ಉಪ್ಪಿನ ಡಬ್ಬಿ ಎಲ್ಲಿಟ್ಟೀ...”

ಢೋಲಕಿ ಒಂದು ಮುಕ್ತಾಯ ಕೊಟ್ಟಿತು.

“ಎರಡು ಕಪ್ ಚಾ ಮಾಡೀನಿ... ಯಾರಿಗಂತ ಮಾಡೀನಿ...”

ಶಹನಾಯಿ ಅತ್ತಿತು.

“ಮನಿ ಅನ್ನೋದು ಖಾಲಿ ಡಬ್ಬಿ ಆಗ್ಯಾದ... ಶಾಂತ ಅಂತ, ಎಲ್ಲೀ ಶಾಂತ...”

ಮಂಟಪವೇ ನಗೆಯಲ್ಲಿ ಮುಳುಗಿತು. ಮದುಮಕ್ಕಳು ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. ಸಾಯಬಣ್ಣ ನನ್ನ ತೋಳು ಹಿಡಿದ. “ಮಾಮಾ, ನಮ್ಮ ಅಪ್ಪನ ಹೆಸರಿಲ್ಲ, ಬೀಗರ ಹೆಸರಿಲ್ಲ, ಮದಿಮಗಂದೂ ಇಲ್ಲ! ಬರೇ ನಮ್ಮ ಅಕ್ಕಂದು, ಉಪ್ಪಿಂದು!”

“ಬಂದ್ ಮಾಡ್ಸೋ ಮಾರಾಯಾ!”

“ಬ್ಯಾಡ, ಇರ್ಲಿ, ಇರ್ಲಿ!” ಎಂದು ಹೆಂಗಸರ ಕಡೆಯಿಂದ ಕೂಗು ಬಂತು. ಡಿಜೆಯವನು ದನಿ ಇನ್ನಷ್ಟು ಏರಿಸಿದ.

“ಬಾ ಅನ್ಬೇಕು... ಹ್ಯಾಂಗ ಅನ್ಲಿ... ಪಂಚಶೀಲಾ, ಬಾ... ಥೂ, ಹಂಗಲ್ಲ...” (ನಲವತ್ತು ಜನ ಒಟ್ಟಿಗೆ ರಾಗವಾಗಿ ‘ಥೂ’ ಎಂದದ್ದನ್ನು ನೀವು ಕೇಳಿರಲಾರಿರಿ.) “ನೀ ಇಲ್ದ ಆಗವಲ್ದು ನೋಡು... ಬಾ... ಮನಿಗಿ ಬಾ...”

ಕೊನೆಯ ಆ ಅಕ್ಷರವನ್ನು ಸ್ವರಸಂಸ್ಕಾರ ಎಳೆದೂ ಎಳೆದೂ ಮೇಲಿನ ಷಡ್ಜಕ್ಕೆ ಒಯ್ದು ನಿಲ್ಲಿಸಿತು. ನನ್ನ ಜನ್ಮದಲ್ಲಿ ಆ ಸ್ವರಕ್ಕೆ ನಾನು ಮುಟ್ಟಿರಲಿಲ್ಲ. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ನಾನು ನೆಲ ನೋಡುತ್ತಾ ನಿಂತೆ. ಅಷ್ಟು ದಿನ ಕೌದಿಗಳು ನುಂಗಿದ ದನಿಯೆಲ್ಲ ಒಮ್ಮೆಲೇ ಊರ ಮುಂದೆ ಬಂದು ಬಿದ್ದಿತ್ತು.

ಆ ನಿಶ್ಶಬ್ದದಲ್ಲಿ ಕಿವಿ ಮಂದವಾದ ನಮ್ಮ ಅತ್ತೆ ಗುಂಡಮ್ಮ ಗಟ್ಟಿಯಾಗಿ ಹೇಳಿದರು: “ಏ ಪಂಚಶೀಲಾ, ಉಪ್ಪು ಎಲ್ಲಿಟ್ಟೀ ಹೇಳಬಾರದೇನ? ಪಾಪ, ಅಷ್ಟು ಮಂದಿ ಕೇಳಾಕತ್ತಾರ!”

ಪಂಚಶೀಲಾ ಜನರನ್ನು ಸರಿಸಿಕೊಂಡು ನನ್ನ ಎದುರಿಗೆ ಬಂದು ನಿಂತಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಕ್ಕು ಬಂದ ನೀರೋ, ಬೇರೆಯೋ, ಕೇಳುವ ಧೈರ್ಯ ನನಗಿರಲಿಲ್ಲ.

“ಗ್ಯಾಸಿನ ಬಾಜೂಕೇ ಅದ, ಬಿಳಿ ಡಬ್ಬಿ” ಎಂದಳು.

“ನೋಡಿದ್ದಿಲ್ಲ.”

“ಬಾಜೂಕ ಇದ್ದದ್ದು ನಿಮಗ ಯಾವಾಗ ಕಂಡದ?” ಎಂದು, ಸ್ವಲ್ಪ ಸುಧಾರಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು: “ಬರ್ತೀನ್ರಿ. ಒಬ್ಬರೇ ಕರದಿದ್ರ ಇನ್ನೂ ವಿಚಾರ ಮಾಡ್ತಿದ್ದೆ. ನಲವತ್ತು ಮಂದಿಗಿ ಇಲ್ಲ ಅಂತ ಹ್ಯಾಂಗ ಅನ್ಲಿ?”

ಈಗ ಅವಳು ದಿನಾ ಹೋಗಿಬರುತ್ತಾಳೆ. ಬಂದವಳೇ ಮಾಡಿದ ಮೊದಲ ಕೆಲಸ ಗೋಡೆಯ ಕೌದಿಗಳನ್ನು ಇಳಿಸಿ ಬಿಸಿಲಿಗೆ ಹಾಕಿದ್ದು. ಸ್ಟುಡಿಯೋದಲ್ಲಿ ಮತ್ತೆ ಸೀಟಿ, ಬಡಿತ, ಕೂಗು ಎಲ್ಲ ಮೊದಲಿನಂತೆಯೇ. ಆ ಹಾಡು ನನ್ನ ಬಾಳಿನ ಅತ್ಯಂತ ಯಶಸ್ವಿ ಕೃತಿಯಾಗಿದೆ. “ನಮ್ಮ ಮದಿವಿಗೂ ಅದೇ ಅಳೋ ಹಾಡು ಬೇಕು” ಎಂದು ಸುತ್ತಲಿನ ಊರುಗಳಿಂದ ಕೇಳಿಕೊಂಡು ಬರುತ್ತಾರೆ. ನಾನು ಕಷ್ಟಪಟ್ಟು ಹೊಸದಾಗಿ ಹಾಡಿ ಕೊಟ್ಟರೆ, ಇದರಲ್ಲಿ ಜೀವವಿಲ್ಲ ಎಂದು ಹೋಗುತ್ತಾರೆ.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಸಾಯಬಣ್ಣ ಆ ಹಾಡಿನ ಕೊನೆಯ ಭಾಗವನ್ನು ಕತ್ತರಿಸಿ ಅವಳ ಫೋನಿಗೆ ರಿಂಗ್‌ಟೋನ್ ಮಾಡಿಕೊಟ್ಟಿದ್ದಾನೆ. ಸಂಜೆ ಬಸ್ಸು ಹತ್ತಿದಳೋ ಇಲ್ಲವೋ ಎಂದು ನಾನು ಫೋನು ಮಾಡಿದರೆ, ಕಮಲಾಪುರದ ಬಸ್ಸಿನ ತುಂಬ ನಲವತ್ತು ಮಂದಿ ಭೀಮಶಾ ಬಾಯಿ ಬಿಡುತ್ತಾರೆ. ದಿನಾ ಓಡಾಡುವ ಟೀಚರುಗಳಿಗೆಲ್ಲ ಅದು ಬಾಯಿಪಾಠವಾಗಿದೆ. ಕಂಡಕ್ಟರ್ ಕೂಡ ‘ಥೂ’ ಬರುವಲ್ಲಿ ಸರಿಯಾಗಿ ದನಿಗೂಡಿಸುತ್ತಾನಂತೆ. ಪಂಚಶೀಲಾ ಮಾತ್ರ ಫೋನನ್ನು ತಕ್ಷಣ ಎತ್ತುವುದಿಲ್ಲ. ಹಾಡು ಏರಿ ಏರಿ ಕೊನೆಯ ‘ಬಾ’ ಮುಗಿಯುವವರೆಗೆ ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಾಳೆ. ಆಮೇಲೆ ಎತ್ತಿ, ಏನೂ ಗೊತ್ತಿಲ್ಲದವಳ ಹಾಗೆ ಕೇಳುತ್ತಾಳೆ: “ಏನ್ರಿ, ಕರದ್ರೇನು?”